ಬೆಂಕಿ ಸೀಳಿದ ಚಪ್ಪಡಿ, ಸೀಸ ಹಿಡಿದ ಗೇಟು

ಮಧುರೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಹಳೇ ತೋಟಗಳ ಸುತ್ತ ಕಲ್ಲು ಚಪ್ಪಡಿಗಳನ್ನು ಒಂದರ ಪಕ್ಕ ಒಂದು ನೆಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಬುಡವನ್ನು ನೆಲದಲ್ಲಿ ಹೂತು ನಿಲ್ಲಿಸಿದರೆ ಮುಗಿಯಿತು. ಬೆಂಗಳೂರಿನ ಹಳೇ ಬಂಗಲೆಗಳ ಕಾಂಪೌಂಡಿಗೂ ಇಂಥದೇ ಕಲ್ಲು ಹೋಯಿತು. ಮಿಷನ್ ಇಲ್ಲದ ಕಾಲದಲ್ಲಿ ಇಷ್ಟು ಗಟ್ಟಿ ಬಂಡೆಯನ್ನು ಇಷ್ಟು ತೆಳ್ಳಗೆ ಸೀಳಿದ್ದು ಹೇಗೆ?

ಸೌದೆಯಿಂದ. ಬಂಡೆಯ ಅಂಚಿನಲ್ಲಿ ಉದ್ದಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ನಡುವೆ ಬಿರುಕು ಬಿಡುತ್ತದೆ. ಸುತ್ತಿಗೆಯಲ್ಲಿ ತಟ್ಟಿದಾಗ ಸದ್ದು ಬದಲಾದರೆ ಪದರ ಎದ್ದಿದೆ ಎಂದರ್ಥ. ಆಗ ಬೆಂಕಿಯನ್ನು ಸ್ವಲ್ಪ ಮುಂದಕ್ಕೆ ತಳ್ಳುವುದು. ಮತ್ತೆ ತಟ್ಟುವುದು, ಮತ್ತೆ ತಳ್ಳುವುದು. ಎದ್ದ ಹಾಳೆಯನ್ನು ಆಮೇಲೆ ಉಳಿಯಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಿದ್ದರು. 1895ರಲ್ಲಿ ಎಚ್. ವಾರ್ತ್ ಎಂಬವರು ಬೆಂಗಳೂರಿನ ಈ ಕೆಲಸದ ಬಗ್ಗೆ ‘ನೇಚರ್’ ಪತ್ರಿಕೆಗೆ ಬರೆದರು. ಒಂದೇ ಬೆಂಕಿಯಲ್ಲಿ ಸುಮಾರು 740 ಚದರ ಅಡಿಯ, ಸರಾಸರಿ 5 ಅಂಗುಲ ದಪ್ಪದ ಹಾಳೆ ಎದ್ದಿತ್ತಂತೆ. ನಮ್ಮೂರ ಕಡೆಯ ಎಷ್ಟೋ ಮನೆಗಳ ನೆಲ ಅಷ್ಟು ಅಗಲ ಇರುವುದಿಲ್ಲ!

ಗೇಟಿನ ಕಥೆ ಬೇರೆ. ಕಲ್ಲುಕಂಬದಲ್ಲಿ ತೂತು ಕೊರೆದು, ಕಬ್ಬಿಣದ ಕೊಂಡಿ ಇಟ್ಟು, ಸುತ್ತ ಕರಗಿದ ಸೀಸ ಎರೆಯುತ್ತಿದ್ದರು. ಸೀಸ ಮೆತ್ತಗಿನ ಲೋಹ. ಗೇಟು ಬಡಿದಾಗಿನ ಏಟನ್ನು ತಾನು ತಿಂದು ಕಲ್ಲನ್ನು ಉಳಿಸುತ್ತದೆ. ಸೀಸ ಉದುರಿ ನೀರು ಇಳಿದರೆ ಮಾತ್ರ ಕಷ್ಟ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಂಬವೇ ಸೀಳುತ್ತದೆ. ಹಳೇ ಗೇಟಿಗೆ ಬಣ್ಣ ಬಳಿಯುವಾಗ ಮೊದಲು ನೋಡಬೇಕಾದ ಜಾಗ ಅದೇ.

ಲಾಲ್‌ಬಾಗಿನ ಗಾಜಿನ ಮನೆಗೆ ಕಬ್ಬಿಣ ಬಂದದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಹೆಸರು ಚರಿತ್ರೆಯಲ್ಲಿದೆ. ಬೆಂಕಿಯ ಪಕ್ಕ ಕೂತು ಬಂಡೆಯ ಸದ್ದು ಕೇಳುತ್ತಿದ್ದ ಕಲ್ಲುಕುಟಿಗರ ಹೆಸರು ಯಾವ ಕಾಂಪೌಂಡಿನ ಮೇಲೂ ನಮಗೆ ಕಂಡಿಲ್ಲ.

ಈಗ ಜಮೀನು ಸೈಟಾಗುವಾಗ ಈ ಚಪ್ಪಡಿಗಳನ್ನು ಜೆಸಿಬಿಯಲ್ಲಿ ಮುರಿದು ಹಳ್ಳಕ್ಕೆ ತುಂಬಿ, ಆ ಜಾಗದಲ್ಲಿ ಸಿಮೆಂಟ್ ಇಟ್ಟಿಗೆ ಕಟ್ಟುತ್ತಾರೆ. ನಮಗಿದು ದಂಡದ ಕೆಲಸ ಅನಿಸುತ್ತದೆ. ಗಾರೆ ಇಲ್ಲದ ಕಲ್ಲನ್ನು ಕಿತ್ತು ಇನ್ನೊಂದು ಕಡೆ ಹಾಗೇ ನೆಡಬಹುದು. ಕೀಳುವ ಮುಂಚೆ ಅದರ ಅಂಚು ನೋಡಿ: ಡ್ರಿಲ್ಲಿನ ಅರ್ಧ ಕೊಳವೆಯಂಥ ಗೆರೆಗಳಿದ್ದರೆ ಮಿಷನ್ ಕಲ್ಲು, ಬರೀ ಉಳಿ ಗುರುತಿದ್ದರೆ ಕೈಯಿಂದ ಕಡಿದದ್ದು.