ಕಾಲಿನ ಅಗಲ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದರು ನಮ್ಮ ಹಿರಿಯರು. ಗಾದೆಯೇನೋ ಒಳ್ಳೆಯದೇ, ಆದರೆ ಅದು ಕಾಲಿನ ಉದ್ದವನ್ನು ಕುರಿತ ಮಾತು. ಅಗಲದ ವಿಚಾರ ಗಾದೆ ಕಟ್ಟಿದವರಿಗೆ ಹೊಳೆಯಲಿಲ್ಲ, ಹೊಳೆಯಬೇಕಾದ ಕಾರಣವೂ ಇರಲಿಲ್ಲ. ಅವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ನಡೆದವರು. ಮೆಟ್ಟಿದರೂ ಬೆರಳುಗಳನ್ನು ಗಾಳಿಗೆ ಬಿಡುವ ಚರ್ಮದ ಮೆಟ್ಟು. ಕಾಲು ತನಗೆ ಬೇಕಾದಷ್ಟು ಅಗಲವಾಗಿ ಬೆಳೆಯಿತು. ಅಳೆಯುವವರೂ ಇರಲಿಲ್ಲ, ಆಕ್ಷೇಪಿಸುವವರೂ ಇರಲಿಲ್ಲ.

ಆ ಆಕ್ಷೇಪ ನನ್ನ ಕಿವಿಗೆ ಬಿದ್ದದ್ದು ಅಂಗಡಿಯಲ್ಲಿ. ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ದೂರ ಹೋಗಿಬರುವ ಅಭ್ಯಾಸ ನನಗುಂಟು. ಅದಕ್ಕೆಂದೇ ಮಾಡಿದ ಬೂಟು ಕೇಳಲು ಹೋದಲ್ಲೆಲ್ಲ ಒಂದೇ ಉತ್ತರ: "ನಿಮ್ಮ ಕಾಲು ಅಗಲ ಸಾರ್, ಒಂದು ನಂಬರು ದೊಡ್ಡದು ತೊಗೊಳ್ಳಿ." ಹೈಸ್ಕೂಲಿಗೆ ಸೇರುವವರೆಗೆ ಬರಿಗಾಲಿನಲ್ಲೇ ಓಡಾಡಿದ ಕಾಲು ನನ್ನದು, ಅಗಲವಾಗಿರುವುದು ನಿಜ. ಆದರೆ ಮಾತಿನ ಧಾಟಿ ನೋಡಿದರೆ ಅಪರಾಧವೆಲ್ಲ ಕಾಲಿನದು, ಬೂಟು ನಿರಪರಾಧಿ. ಈ ನ್ಯಾಯ ಎಂದು ಹುಟ್ಟಿತು, ಯಾರು ಹುಟ್ಟಿಸಿದರು ಎಂಬ ಕುತೂಹಲದಿಂದ ಹಳೆಯ ಪುಸ್ತಕಗಳನ್ನು ತಿರುವಿದೆ. ಕಥೆ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು.

ಬೂಟು ಹುಟ್ಟುವುದು ಕಾಲಿನ ಮೇಲಲ್ಲ, ಅಚ್ಚಿನ ಮೇಲೆ. ಪಾದದ ಆಕಾರಕ್ಕೆ ಕೆತ್ತಿದ ಮರದ ತುಂಡಿನ ಸುತ್ತ ಚರ್ಮವನ್ನು ಎಳೆದು ಹೊಲಿಯುತ್ತಾರೆ. ಮರದ ಕಾಲು ಹೇಗೋ ಬೂಟೂ ಹಾಗೆ. ಯೂರೋಪಿನಲ್ಲಿ ಸುಮಾರು 1600ರಿಂದ ಮುಂದೆ ಎರಡು ಶತಮಾನ ಎಡಗಾಲಿನ ಅಚ್ಚು, ಬಲಗಾಲಿನ ಅಚ್ಚು ಎಂಬ ಭೇದವೇ ಬಹುಮಟ್ಟಿಗೆ ಇರಲಿಲ್ಲ. ಎತ್ತರದ ಹಿಮ್ಮಡಿಯ ಶೋಕಿ ಬಂದ ಮೇಲೆ, ಒಂದಕ್ಕೊಂದು ಕನ್ನಡಿಯಂತಿರುವ ಎರಡು ಅಚ್ಚುಗಳನ್ನು ಕೈಯಿಂದ ಕೆತ್ತುವುದು ದುಬಾರಿಯ ಕೆಲಸವಾಯಿತು. ಒಂದೇ ನೇರವಾದ ಅಚ್ಚಿನ ಮೇಲೆ ಎರಡು ಬೂಟುಗಳನ್ನೂ ಹೊಲಿದರು; ಯಾವುದು ಯಾವ ಕಾಲಿಗಾದರೂ ಆಯಿತು. ಕಾಲಿಗೆ ತಕ್ಕ ಬೂಟು ಹೋಗಿ, ಬೂಟಿಗೆ ತಕ್ಕ ಕಾಲು ಎಂಬ ವ್ಯವಹಾರಕ್ಕೆ ಅಲ್ಲಿಯೇ ಒಂದು ಬೀಜ ಬಿತ್ತು.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಡಚ್ ಶರೀರಶಾಸ್ತ್ರಜ್ಞ ಪೇಟ್ರಸ್ ಕಾಂಪರ್ ಒಬ್ಬ. ಎಷ್ಟೇ ಕ್ಷುಲ್ಲಕವಾದ ವಿಷಯವಾದರೂ ಬಲ್ಲವನು ಬರೆದರೆ ಸ್ವಾರಸ್ಯವಾಗುತ್ತದೆಂದು ಶಿಷ್ಯರಿಗೆ ತೋರಿಸಲು ಅವನು ಆರಿಸಿಕೊಂಡ ವಿಷಯ ಪಾದರಕ್ಷೆ. 1781ರಲ್ಲಿ ಆ ಪುಸ್ತಕ ಬಂತು. ಕುದುರೆಯ ಗೊರಸು, ಎತ್ತಿನ ಗೊರಸುಗಳ ಮೇಲೆ ಅಷ್ಟು ವಿದ್ಯೆ ಖರ್ಚು ಮಾಡಿದ ಮನುಷ್ಯ ತನ್ನ ಪಾದವನ್ನೇ ಮರೆತನಲ್ಲ ಎಂಬುದು ಅವನ ಕೊರಗು. ವಿನೋದಕ್ಕೆ ಹುಟ್ಟಿದ ಆ ಗ್ರಂಥದ ಜಾಡಿನಲ್ಲಿಯೇ 1858ರಲ್ಲಿ ಝೂರಿಕ್‌ನ ಪ್ರಾಧ್ಯಾಪಕ ಹರ್ಮನ್ ಫಾನ್ ಮೇಯರ್ ಇನ್ನೊಂದು ಪುಸ್ತಕ ಬರೆದ. ಹೆಬ್ಬೆರಳಿನ ನಡುವಿನಿಂದ ಹಿಂದಕ್ಕೆಳೆದ ಗೆರೆ ಹಿಮ್ಮಡಿಯ ನಡುವನ್ನು ಹಾಯಬೇಕು. ಹೆಬ್ಬೆರಳನ್ನು ಒಳಕ್ಕೆ ತಳ್ಳುವ ಚೂಪುಮೂತಿಯ ಬೂಟು ಅಂಗಹೀನತೆಯನ್ನು ತಯಾರಿಸುತ್ತದೆ ಎಂಬುದು ಅವನ ವಾದದ ಸಾರ.

ಆ ವೇಳೆಗೆ ಯಂತ್ರಯುಗ ಕಾಲಿಟ್ಟಾಗಿತ್ತು. ಅಮೆರಿಕದ ಥಾಮಸ್ ಬ್ಲ್ಯಾಂಚರ್ಡ್ 1819ರಲ್ಲಿ ಬಂದೂಕಿನ ಹಿಡಿ ಕೆತ್ತಲು ಒಂದು ಕಡೆಯುವ ಯಂತ್ರವನ್ನು ಕಂಡುಹಿಡಿದ. ಒಂದು ಮಾದರಿಯನ್ನಿಟ್ಟರೆ ಅದರ ಉಬ್ಬುತಗ್ಗುಗಳನ್ನೆಲ್ಲ ಸವರಿಕೊಂಡು ಹೋಗಿ ಇನ್ನೊಂದು ಮರದಲ್ಲಿ ಹಾಗೆಯೇ ಕೆತ್ತುವ ಯಂತ್ರ ಅದು. ಬಂದೂಕಿನ ಹಿಡಿಗೆ ಒಗ್ಗಿದ್ದು ಬೂಟಿನ ಅಚ್ಚಿಗೂ ಒಗ್ಗಿತು. ಎಡ ಬಲಗಳ ಭೇದ ಅಗ್ಗವಾಗಿ ಮರಳಿತು, ಇದು ಲಾಭ. ನಷ್ಟವೇನೆಂದರೆ, ಕಾಲನ್ನು ಕಾಣದೆಯೇ ಬೂಟು ಹೊಲಿಯುವುದು ರೂಢಿಯಾಯಿತು. ಹಿಂದೆ ಹೊಲಿಯುವವನು ಗಿರಾಕಿಯ ಪಾದವನ್ನು ಕೈಯಲ್ಲಿ ಹಿಡಿದು ಅಳೆಯುತ್ತಿದ್ದ. ಈಗ ಗಿರಾಕಿ ಒಂದು ಅಂಕೆ ಮಾತ್ರ ಹೇಳಬೇಕು.

ಆ ಅಂಕೆ ಉದ್ದದ್ದು. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಎಂದರೆ ಅಂಗುಲದ ಮೂರನೆಯ ಒಂದು ಭಾಗ. ಅಗಲಕ್ಕೂ ಗುರುತು ಬೇಕೆಂದು ಅಮೆರಿಕದ ವ್ಯಾಪಾರಿಗಳು 1880ರ ದಶಕದಲ್ಲಿ ಒಪ್ಪಿದರು. ಎ, ಬಿ, ಸಿ, ಡಿ, ಇ ಎಂಬ ಅಕ್ಷರಗಳು ಬಂದವು. ಸಿರಾಕ್ಯೂಸ್ ಪಟ್ಟಣದಲ್ಲಿ ತಂದೆಯ ಬೂಟಿನ ಅಂಗಡಿಯಲ್ಲಿ ಬೆಳೆದ ಚಾರ್ಲ್ಸ್ ಬ್ರ್ಯಾನಕ್ 1920ರ ದಶಕದಲ್ಲಿ ಒಂದು ಲೋಹದ ತಟ್ಟೆಯನ್ನು ಮಾಡಿದ. ಕಾಲಿಟ್ಟರೆ ಉದ್ದ, ಅಗಲ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ದೂರ, ಮೂರೂ ಒಟ್ಟಿಗೆ ತಿಳಿಯುವಂಥದು. ಅಳೆಯುವ ವಿದ್ಯೆಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಅಂಗಡಿಯ ಕಪಾಟಿನಲ್ಲಿ. ಒಂದು ಮಾದರಿಗೆ ಹನ್ನೆರಡು ಉದ್ದ, ಐದು ಅಗಲ ಎಂದರೆ ಅರುವತ್ತು ಪೆಟ್ಟಿಗೆ ಇಡಬೇಕು. ಅಗಲವನ್ನು ಮರೆತರೆ ಹನ್ನೆರಡು ಸಾಕು. ವ್ಯಾಪಾರಿ ಹನ್ನೆರಡನ್ನೇ ಆರಿಸಿದರೆ ಅಚ್ಚರಿಯೇನು?

ನಡೆಯುವವನು ಈ ಅನ್ಯಾಯವನ್ನು ಹೇಗೋ ಸಹಿಸಬಲ್ಲ. ನಡೆಯುವಾಗ ಭಾರ ಹಿಮ್ಮಡಿಯಿಂದ ಬೆರಳಿಗೆ ಜರುಗುತ್ತದೆ. ಪಾದ ಒಳಗೇ ಸ್ವಲ್ಪ ಮಿಸುಕುತ್ತದೆ. ಸೈಕಲ್ಲಿನ ಮೇಲೆ ಹಾಗಲ್ಲ. ಬೆರಳುಗಳ ಬುಡದ ಒಂದೇ ಪಟ್ಟಿ ಮತ್ತೆ ಮತ್ತೆ ಪೆಡಲನ್ನು ಒತ್ತುತ್ತದೆ. ನಿಮಿಷಕ್ಕೆ 80 ಸುತ್ತಿನಂತೆ ಗಂಟೆಗೆ 4,800 ಸಲ. ಅಲ್ಲಿ ಎಲುಬುಗಳ ನಡುವೆ ಹಾದು ಬೆರಳಿಗೆ ಹೋಗುವ ನರಗಳಿವೆ. ಸವಾರಿ ಸಾಗಿದಂತೆ ಕಾಲು ಸ್ವಲ್ಪ ಬಾತುಕೊಳ್ಳುತ್ತದೆ. ಇಕ್ಕಟ್ಟಾದ ಬೂಟು ಎರಡೂ ಕಡೆಯಿಂದ ಹಿಸುಕಿದರೆ ಮೊದಲು ಉರಿ, ಆಮೇಲೆ ಜೋಮು. ಕಡೆಗೆ ಬೆರಳುಗಳು ಇವೆಯೋ ಇಲ್ಲವೋ ತಿಳಿಯದು.

ಹಳೆಯ ಪಂದ್ಯಗಾರರ ಬೂಟು ಈ ವಿಷಯದಲ್ಲಿ ದಯೆಯುಳ್ಳದ್ದು. ಮೇಲೆ ತೂತುಗಳಿದ್ದ ತೆಳುವಾದ ಚರ್ಮ, ಕೆಳಗೆ ಚರ್ಮದ ಅಟ್ಟೆ. ಹೊಸ ಬೂಟನ್ನು ಹಾಕಿಕೊಂಡು ಕೆಲವು ದಿನ ಹಾಗೆಯೇ ತುಳಿದು, ಅಟ್ಟೆಯ ಮೇಲೆ ಪೆಡಲಿನ ಗುರುತು ಮೂಡಿದ ಜಾಗದಲ್ಲಿಯೇ ಸೀಳಿರುವ ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಪಾದವನ್ನು ಪೆಡಲಿಗೆ ಬಿಗಿಯಲು ಚರ್ಮದ ಬಾರು ಇತ್ತು. ಎಲ್ಲಿ ಕೂರಬೇಕೆಂದು ಕಾಲೇ ಹೇಳುತ್ತಿತ್ತು. ಬೂಟನ್ನು ನೀರಿನಲ್ಲಿ ನೆನೆಸಿ, ಮೆಟ್ಟಿಕೊಂಡು ಒಣಗುವವರೆಗೆ ಸವಾರಿ ಮಾಡುವವರೂ ಇದ್ದರು. ಚರ್ಮ ಹಿಗ್ಗಿ ಆ ಕಾಲಿನದೇ ಆಗುತ್ತಿತ್ತು.

1984ರಲ್ಲಿ ಹಿಮಜಾರಾಟದ ಬಿಗಿಗಳನ್ನು ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ, ಅದೇ ತಂತ್ರದಿಂದ ಬೂಟಿನ ಅಡಿಯನ್ನು ನೇರವಾಗಿ ಕಚ್ಚಿ ಹಿಡಿಯುವ ಪೆಡಲನ್ನು ಹೊರತಂದಿತು. ಮರುವರ್ಷ ಬರ್ನಾರ್ಡ್ ಇನೊ ಅದನ್ನೇ ತುಳಿದು ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದ. ಬಾರುಗಳು ಮಾಯವಾದವು. ಅಟ್ಟೆ ಗಡುಸಾಯಿತು, ಪ್ಲಾಸ್ಟಿಕ್ಕು ಬಂತು, ಅನಂತರ ಕಾರ್ಬನ್ ನಾರು ಬಂತು. ಕಾಲಿನ ಬಲವೆಲ್ಲ ಪೋಲಾಗದೆ ಚಕ್ರಕ್ಕೆ ಹೋಗಲೆಂಬುದು ಉದ್ದೇಶ. ಆದರೆ ಕಾರ್ಬನ್ನು ನೆನೆಯದು, ಹಿಗ್ಗದು. ಅಚ್ಚಿನ ಅಗಲವೇ ಅಂತಿಮ ತೀರ್ಪು, ಮೇಲ್ಮನವಿಗೆ ಎಡೆಯಿಲ್ಲ.

ಹಾಗಾದರೆ ಆ ಅಚ್ಚು ಯಾರ ಕಾಲು? 1905ರಲ್ಲಿ ಅಮೆರಿಕದ ವೈದ್ಯ ಫಿಲ್ ಹಾಫ್‌ಮನ್ ಬೂಟನ್ನೇ ಕಾಣದ ಫಿಲಿಪೀನ್ಸ್ ಮತ್ತು ಆಫ್ರಿಕಾದ ಜನರ 186 ಜೊತೆ ಪಾದಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದ. ಬೆರಳುಗಳು ಬೀಸಣಿಗೆಯಂತೆ ಹರಡಿದ್ದವು. ಪಾದ ಅತ್ಯಂತ ಅಗಲವಾಗಿದ್ದದ್ದು ಮುಂದುಗಡೆ. ಬೂಟಿನವರ ಮಕ್ಕಳ ಕಾಲೂ ಬೂಟು ಹಾಕುವವರೆಗೆ ಹೀಗೆಯೇ ಎಂದು ಅವನು ಕಂಡ. ನಮ್ಮ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್ 1992ರಲ್ಲಿ 2,300 ಮಕ್ಕಳ ಪಾದದ ಅಚ್ಚುಗಳನ್ನು ನೋಡಿ ಇನ್ನೊಂದು ಮಾತು ಹೇಳಿದರು: ಚಪ್ಪಟೆ ಪಾದ ಮೆಟ್ಟು ಹಾಕುವವರಲ್ಲಿ 100ಕ್ಕೆ 8.6, ಬರಿಗಾಲಿನವರಲ್ಲಿ 2.8. 2009ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ನಮ್ಮ ದೇಶದ ಬರಿಗಾಲಿನವರನ್ನು ಪಾಶ್ಚಾತ್ಯರೊಡನೆ ಹೋಲಿಸಿದಾಗ ಬರಿಗಾಲಿನವರ ಪಾದ ಅಗಲವಾಗಿತ್ತು. ಭಾರವೂ ಪಾದದಲ್ಲೆಲ್ಲ ಸಮನಾಗಿ ಹಂಚಿಹೋಗಿತ್ತು. ಅಂಗಡಿಯಲ್ಲಿ ದೋಷವೆನಿಸಿದ್ದು ಪ್ರಯೋಗಶಾಲೆಯಲ್ಲಿ ಆರೋಗ್ಯವೆನಿಸಿತು.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾಲಯ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಕಡೆಗಳಲ್ಲಿ 1,01,880 ಮಂದಿಯ ಕಾಲನ್ನು ಯಂತ್ರದಿಂದ ಅಳೆಯಿತು. ಭಾರತೀಯರ ಪಾದ ಯೂರೋಪಿನವರದಕ್ಕಿಂತ ಅಗಲವೆಂದು ಕಂಡು, ನಮ್ಮದೇ ಅಳತೆಯೊಂದು ಬೇಕೆಂದು ಹೇಳಿತು. 'ಭಾ' ಎಂದು ಅದರ ಹೆಸರು. ನಮ್ಮ ಕಾಲನ್ನು ಯಾರೋ ಕೈಯಲ್ಲಿ ಹಿಡಿದು ಅಳೆದರಲ್ಲ ಎಂದು ನನಗೆ ಸಂತೋಷವಾಯಿತು.

ಅಲ್ಲಿಯವರೆಗೆ ಅಗಲಗಾಲಿನ ಸವಾರ ಮಾಡಬೇಕಾದದ್ದೇನು? ಒಂದು ನಂಬರು ದೊಡ್ಡದು ಕೊಳ್ಳುವುದು ಪರಿಹಾರವಲ್ಲ. ಬೂಟು ಉದ್ದವಾದಂತೆ ಅಗಲ ಸ್ವಲ್ಪವೇ ಬೆಳೆಯುತ್ತದೆ. ಹಿಮ್ಮಡಿ ಎದ್ದೆದ್ದು ಉಜ್ಜುತ್ತದೆ, ಅಡಿಯ ಕಚ್ಚುಪಟ್ಟಿಯೂ ಇರಬೇಕಾದಲ್ಲಿ ಇರುವುದಿಲ್ಲ. ಸಂಜೆಯ ಹೊತ್ತು, ನಿಂತುಕೊಂಡು, ಎರಡು ಪಾದಗಳ ಸುತ್ತಲೂ ಕಾಗದದ ಮೇಲೆ ಗೆರೆ ಎಳೆಯಬೇಕು. ಬೂಟಿನೊಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ನಿಲ್ಲಬೇಕು. ಪಾದ ಅಂಚಿನಿಂದಾಚೆಗೆ ಚೆಲ್ಲಿದರೆ ಆ ಬೂಟು ನಮ್ಮದಲ್ಲ. ಅಗಲದ ಅಚ್ಚಿನ ಮೇಲೆಯೇ ಮಾಡುವವರೂ ಇದ್ದಾರೆ. ಶಿಮಾನೋ, ಸಿಡಿ, ಲೇಕ್ ಕಂಪನಿಗಳಲ್ಲಿ ಕೆಲವು ಮಾದರಿಗಳಿಗೆ ಅದು ದೊರೆಯುತ್ತದೆ. ಆಸ್ಟ್ರೇಲಿಯದ ಬಾಂಟ್ ಬೂಟನ್ನು ಒಲೆಯಲ್ಲಿ ಬೆಚ್ಚಗೆ ಮಾಡಿ ಕಾಲಿನ ಆಕಾರಕ್ಕೆ ಒತ್ತಿಕೊಳ್ಳಬಹುದು. ಹಳಬರ ನೆನೆಸಿದ ಚರ್ಮ ಹೊಸ ವೇಷದಲ್ಲಿ ಬಂದಂತೆ. ಪಂದ್ಯದ ಆತುರವಿಲ್ಲದವರಿಗೆ ಚಪ್ಪಟೆ ಪೆಡಲೂ, ಬೆರಳಿಗೆ ಜಾಗವಿರುವ ಸಾಧಾರಣ ಬೂಟೂ ಧಾರಾಳವಾಗಿ ಸಾಕು.

ನನ್ನ ಗೆಳೆಯರಲ್ಲಿ ಇಬ್ಬರು ಕಾಲು ಜೋಮು ಹಿಡಿಯುತ್ತದೆಂದು ಸೈಕಲ್ಲನ್ನೇ ಬಿಟ್ಟರು. ವಯಸ್ಸಾಯಿತು ಎಂದುಕೊಂಡರು. ವಯಸ್ಸನ್ನು ದೂರುವ ಮೊದಲು ಕಾಗದ, ಪೆನ್ಸಿಲುಗಳನ್ನು ತೆಗೆದುಕೊಂಡು ಪಾದದ ಸುತ್ತ ಒಮ್ಮೆ ಗೆರೆ ಎಳೆದು ನೋಡುವುದು ಮೇಲು.