ಕುರುದೇಶದ ಮಟಚಿ

ಛಾಂದೋಗ್ಯ ಉಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಉಷಸ್ತಿ ಚಾಕ್ರಾಯಣನೆಂಬ ಬಡ ಬ್ರಾಹ್ಮಣನ ಕಥೆಯೊಂದುಂಟು. ಕುರುದೇಶದ ಪೈರೆಲ್ಲ ‘ಮಟಚಿ’ಗಳಿಂದ ಹಾಳಾಗಿದ್ದ ಕಾಲ. ಹೆಂಡತಿಯೊಡನೆ ಊರೂರು ಅಲೆದ ಆತ, ಕೀಳು ಉದ್ದನ್ನು ತಿನ್ನುತ್ತ ಕುಳಿತಿದ್ದವನೊಬ್ಬನ ಎಂಜಲನ್ನೇ ಬೇಡಿ ತಿಂದ. ಆ ಮನುಷ್ಯ ನೀರನ್ನೂ ಕೊಡಹೋದಾಗ ಎಂಜಲೆಂದು ಬೇಡವೆಂದ. ಉದ್ದು ಎಂಜಲಲ್ಲವೇ ಎಂದು ಕೇಳಿದ್ದಕ್ಕೆ, ಅದನ್ನು ತಿನ್ನದಿದ್ದರೆ ಪ್ರಾಣ ನಿಲ್ಲುತ್ತಿರಲಿಲ್ಲ, ನೀರಾದರೋ ಬೇಕೆಂದಲ್ಲಿ ಸಿಕ್ಕುತ್ತದೆ ಎಂದನಂತೆ. ಹಸಿವು ಆಚಾರವನ್ನು ಎಲ್ಲಿಯವರೆಗೆ ಬಗ್ಗಿಸಬಲ್ಲುದೆಂದು ಇಷ್ಟು ನೇರವಾಗಿ ಹೇಳುವ ಪ್ರಸಂಗಗಳು ವಿರಳ.

ಈ ಮಟಚಿ ಎಂದರೇನು? ಶಂಕರರ ಭಾಷ್ಯ ‘ಅಶನಿ’ ಎನ್ನುತ್ತದೆ. ಅದನ್ನು ಸಿಡಿಲೆಂದೂ ಆಲಿಕಲ್ಲೆಂದೂ ತಿಳಿದವರುಂಟು. ಆದರೆ ಡಿ. ಆರ್. ಭಂಡಾರ್ಕರರು ಕಲ್ಕತ್ತೆಯಲ್ಲಿ 1918ರಲ್ಲಿ ಮಾಡಿದ ಕಾರ್ಮೈಕೇಲ್ ಉಪನ್ಯಾಸಗಳಲ್ಲಿ ಇದನ್ನು ಕನ್ನಡದ ‘ಮಿಡಿಚೆ’ಯ ಸಂಸ್ಕೃತ ರೂಪವೆಂದರು. ಕಿಟ್ಟೆಲರ 1894ರ ನಿಘಂಟಿನಲ್ಲಿ ಮಿಡಿಚೆಯೆಂದರೆ ಮಿಡತೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಬೇಕೆಂದೇನಿಲ್ಲ. ನನಗಾದರೋ ಇದೇ ಸರಿಯೆಂದು ತೋರುತ್ತದೆ. ಆಲಿಕಲ್ಲು ಒಂದು ಹೋಬಳಿಯ ಪೈರನ್ನು ಕೆಡಿಸೀತು; ಇಡೀ ನಾಡನ್ನೇ ಬರಿದು ಮಾಡುವುದು ಮಿಡತೆಯ ಕೆಲಸ. ದೆಹಲಿಯೂ ಪ್ರಾಚೀನ ಕುರುದೇಶದ ನೆಲವೇ ಆದುದರಿಂದ, ಇಲ್ಲಿ ಸಂಸಾರ ಹೂಡಿರುವ ನಾವು ನಮ್ಮ ಮಾತೊಂದು ನಮಗಿಂತ ಎಷ್ಟೋ ಮುಂಚೆ ಇಲ್ಲಿಗೆ ಬಂದಿತ್ತೆಂದು ಸಂತೋಷಪಡಬಹುದು. ಬಂದದ್ದು ಮಾತ್ರ ಒಂದು ಪಿಡುಗಿನ ಹೆಸರಾಗಿ!

ಅತಿವೃಷ್ಟಿ, ಅನಾವೃಷ್ಟಿ, ಇಲಿ, ಗಿಳಿ, ನೆರೆಯ ಅರಸರು, ಇವುಗಳ ಜೊತೆಗೆ ಶಲಭವನ್ನೂ ಸೇರಿಸಿ ಹಿಂದಿನವರು ಈತಿಬಾಧೆಗಳನ್ನು ಎಣಿಸಿದರು. ಎಣಿಸಿದರೇ ಹೊರತು ಕಾರಣ ತಿಳಿಯಲಿಲ್ಲ. ನಾಲ್ಕಾರು ವರ್ಷ ಮೋಡದಂತೆ ಕವಿಯುವ ಮಿಡತೆ ಆಮೇಲೆ ಎಲ್ಲಿ ಹೋಗುತ್ತದೆ? ಮತ್ತೆ ಎಲ್ಲಿಂದ ಹುಟ್ಟುತ್ತದೆ? ಭಾರತದಲ್ಲಿ 1926ರಿಂದ 1931ರವರೆಗಿನ ಹಾವಳಿಯೊಂದರಿಂದಲೇ ಆಗಿನ ಬೆಲೆಯಲ್ಲಿ ಸುಮಾರು 10 ಕೋಟಿ ರೂಪಾಯಿಯ ಪೈರು ನಷ್ಟವಾಯಿತೆಂದು ಸರ್ಕಾರದ ಲೆಕ್ಕ. ಆದುದರಿಂದ ಇದು ಕೇವಲ ಪಂಡಿತರ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ಉತ್ತರ ಹೊಳೆದದ್ದು ಬೋರಿಸ್ ಉವರೋವ್ ಎಂಬ ರಷ್ಯದ ಕೀಟಶಾಸ್ತ್ರಜ್ಞರಿಗೆ. ಅವರು ದಕ್ಷಿಣ ರಷ್ಯದ ಸ್ತವ್ರೊಪೊಲ್ ಪ್ರಾಂತದಲ್ಲಿ ಮಿಡತೆ ನಿವಾರಣೆಯ ಕೆಲಸದಲ್ಲಿದ್ದರು. ಅಲ್ಲಿ ದಂಡು ಕಟ್ಟಿ ಹಾರುವ ಮಿಡತೆಯೊಂದು, ಒಂಟಿಯಾಗಿ ಹುಲ್ಲಿನಲ್ಲಿ ಅಡಗಿರುವ ಸಾಧು ಮಿಡತೆ ಇನ್ನೊಂದು. ಬಣ್ಣ ಬೇರೆ, ಕತ್ತಿನ ಮೇಲಿನ ಕವಚದ ಆಕಾರ ಬೇರೆ, ರೆಕ್ಕೆಯ ಅಳತೆ ಬೇರೆ. ಶಾಸ್ತ್ರಗ್ರಂಥಗಳಲ್ಲಿ ಎರಡಕ್ಕೂ ಎರಡು ಹೆಸರು. ಉವರೋವರು ಲಂಡನ್ನಿಗೆ ಹೋದ ಮೇಲೆ, 1921ರಲ್ಲಿ, ಇವೆರಡೂ ಒಂದೇ ಜಾತಿ, ಒಂದೇ ಜೀವದ ಎರಡು ಅವಸ್ಥೆಗಳು ಎಂದು ಪ್ರಕಟಿಸಿದರು. ತಾಷ್ಕೆಂಟಿನಲ್ಲಿ ಪ್ಲಾಟ್ನಿಕೋವ್, ದಕ್ಷಿಣ ಆಫ್ರಿಕದಲ್ಲಿ ಫೌರ್ ಎಂಬುವರೂ ಸ್ವತಂತ್ರವಾಗಿ ಇದೇ ಜಾಡು ಹಿಡಿದಿದ್ದರು. ದಂಡು ಎಲ್ಲಿ ಹೋಯಿತೆಂದು ಜನ ಹುಡುಕುತ್ತಿದ್ದಾಗ ಅದು ಅವರ ಕಾಲಬುಡದ ಹುಲ್ಲಿನಲ್ಲೇ ವೇಷ ಮರೆಸಿಕೊಂಡು ಕುಳಿತಿತ್ತು.

ನಮ್ಮ ರಾಜಸ್ಥಾನಕ್ಕೆ ಬರುವ ಮರುಭೂಮಿಯ ಮಿಡತೆಯದೂ ಇದೇ ಬಗೆ. ಮಳೆ ಬಿದ್ದು ಮರಳು ಚಿಗುರಿದಾಗ ಒಂಟಿ ಮಿಡತೆಗಳು ಬೇಕಾದಷ್ಟು ಮೊಟ್ಟೆಯಿಡುತ್ತವೆ. ಮಳೆ ನಿಂತು ಹಸಿರು ಅಲ್ಲೊಂದು ಇಲ್ಲೊಂದು ತೇಪೆಯಾಗಿ ಉಳಿದಾಗ, ಒಬ್ಬರನ್ನೊಬ್ಬರು ಕಂಡರೆ ದೂರ ಸರಿಯುತ್ತಿದ್ದ ಜೀವಗಳು ಹೊಟ್ಟೆಯ ಪಾಡಿಗೆ ಒಂದೇ ಪೊದೆಗೆ ಬರಬೇಕಾಗುತ್ತದೆ. ಅಲ್ಲಿ ಮೈಗೆ ಮೈ ತಾಗುತ್ತದೆ. ಹಿಂಗಾಲಿನ ತೊಡೆಯನ್ನು ಸಣ್ಣ ಕುಂಚದಿಂದ ಕೆಲವು ಗಂಟೆ ಮತ್ತೆ ಮತ್ತೆ ಸವರಿದರೂ ಸಾಕು, ಒಂಟಿ ಮಿಡತೆ ಗುಂಪನ್ನು ಅರಸತೊಡಗುತ್ತದೆಂದು 2001ರಲ್ಲಿ ಕಂಡುಬಂತು. ಹೀಗಾಗುವಾಗ ಅದರ ನರಗಳಲ್ಲಿ ಸೆರೊಟೋನಿನ್ ಎಂಬ ದ್ರವ್ಯ ಏರುತ್ತದೆಂದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಮನುಷ್ಯರ ಮನಸ್ಸಿನ ಏರಿಳಿತಗಳಲ್ಲಿಯೂ ಪಾಲುಳ್ಳ ದ್ರವ್ಯವಿದು. ಸ್ವಭಾವ ಗಂಟೆಗಳಲ್ಲಿ ಬದಲಾದರೆ ಬಣ್ಣವೂ ಆಕಾರವೂ ನಿಧಾನವಾಗಿ ಹಿಂಬಾಲಿಸುತ್ತವೆ. ತಾಯಿ ಗುಂಪಿನಲ್ಲಿದ್ದಳೆಂಬುದರ ಪ್ರಭಾವ ಮೊಟ್ಟೆಯ ಮೂಲಕ ಮರಿಗಳಿಗೂ ಇಳಿಯುತ್ತದೆ.

ರೆಕ್ಕೆ ಬಾರದ ಮರಿಗಳು ಶಿಸ್ತಿನ ಸೈನ್ಯದಂತೆ ಒಂದೇ ದಿಕ್ಕಿಗೆ ಸಾಗುವುದನ್ನು ಕಂಡು ಮೆಚ್ಚಿದವರುಂಟು. ಒಳಗಿನ ಸಂಗತಿ ಅಷ್ಟು ಮೆಚ್ಚುವಂಥದಲ್ಲ. ಹಿಂದಿನ ಮರಿ ಮುಂದಿನದರ ಹೊಟ್ಟೆಯನ್ನು ಕಚ್ಚಿ ತಿನ್ನಲು ನೋಡುತ್ತದೆ; ನಿಂತವನಿಗೆ ಉಳಿವಿಲ್ಲ; ಆದುದರಿಂದ ಎಲ್ಲವೂ ಮುಂದೋಡುತ್ತವೆ. ಕವಾಯತಿಗೆ ಹಿಂದೆ ದಂಡನಾಯಕನಿಲ್ಲ, ಹಸಿವಿದೆ. ರೆಕ್ಕೆ ಮೂಡಿದ ಮೇಲೆ ಗಾಳಿಯೇ ವಾಹನ: ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರು. ಒಂದು ಚದರ ಕಿಲೋಮೀಟರಿನ ದಂಡು ದಿನವೊಂದಕ್ಕೆ 35,000 ಜನರ ಆಹಾರದಷ್ಟನ್ನು ತಿನ್ನುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಂದಾಜು.

ಇದಕ್ಕೆ 2020ರ ಹಾವಳಿಯೇ ಸಾಕ್ಷಿ. 2018ರ ಮೇ ತಿಂಗಳಲ್ಲಿ ಮೆಕುನು, ಅಕ್ಟೋಬರಿನಲ್ಲಿ ಲುಬಾನ್ ಎಂಬ ಎರಡು ಚಂಡಮಾರುತಗಳು ಅರೇಬಿಯದ ನಿರ್ಜನ ಮರಳುಗಾಡಿನ ಮೇಲೆ ಮಳೆ ಸುರಿಸಿದವು. ಕಾಣುವವರಿಲ್ಲದ ಆ ನೆಲದಲ್ಲಿ ಮಿಡತೆಯ ಮೂರು ತಲೆಮಾರು ಬೆಳೆದವು. ಯೆಮನ್, ಪೂರ್ವ ಆಫ್ರಿಕ, ಇರಾನ್, ಪಾಕಿಸ್ತಾನಗಳಲ್ಲಿ ಹಾವಳಿ ಹಬ್ಬಿ, 2020ರ ಮೇ ತಿಂಗಳಲ್ಲಿ ಜಯಪುರದ ಮನೆಗಳ ಮೇಲೆ ದಂಡು ಕವಿಯಿತು. ಜೂನ್ 27ರಂದು ಅದು ಗುರುಗ್ರಾಮದ ಮೇಲೆ ಹಾದು ದೆಹಲಿಯ ಅಂಚನ್ನು ಸವರಿಹೋಯಿತು. ಕರೋನಾದಿಂದ ಬಾಗಿಲು ಹಾಕಿಕೊಂಡಿದ್ದ ಜನ ಕಿಟಕಿಗಳನ್ನೂ ಮುಚ್ಚಿ ತಟ್ಟೆ ಬಡಿದರು. ತಟ್ಟೆಯ ಸದ್ದಿಗೆ ಮಿಡತೆ ಪಕ್ಕದ ಹೊಲಕ್ಕೆ ಹೋದೀತು, ಅಷ್ಟೆ.

ದಂಡು ಕಟ್ಟಿದ ಮೇಲೆ ಹೋರುವುದಕ್ಕಿಂತ, ಕಟ್ಟುವ ಮೊದಲೇ ಪತ್ತೆ ಹಚ್ಚುವುದು ಲೇಸು. ಭಾರತ ಸರ್ಕಾರ 1939ರಲ್ಲಿ ಮಿಡತೆ ಮುನ್ನೆಚ್ಚರಿಕೆ ಸಂಸ್ಥೆಯನ್ನು ಸ್ಥಾಪಿಸಿದ್ದು ಇದಕ್ಕಾಗಿ. ದಂಡಿಲ್ಲದ ವರ್ಷಗಳಲ್ಲಿಯೂ ರಾಜಸ್ಥಾನ, ಗುಜರಾತುಗಳ ಮರಳಿನಲ್ಲಿ ಅದರ ನೌಕರರು ಒಂಟಿ ಮಿಡತೆಗಳನ್ನು ಎಣಿಸುತ್ತ ಹೋಗಬೇಕು. ದೇಶ ಇಬ್ಭಾಗವಾದರೂ ಮಿಡತೆಗೆ ಗಡಿಯ ಅರಿವಿಲ್ಲ. 1977ರಿಂದ ಭಾರತ, ಪಾಕಿಸ್ತಾನಗಳ ಮಿಡತೆ ಅಧಿಕಾರಿಗಳು ಮುನಾಬಾವ್ ಮತ್ತು ಖೋಖ್ರಾಪಾರಗಳಲ್ಲಿ ಎದುರುಬದುರು ಕುಳಿತು ಮಾತಾಡಿದ್ದುಂಟು: ಎಲ್ಲಿ ಮಳೆಯಾಯಿತು, ಎಲ್ಲಿ ಚಿಗುರಿದೆ, ಪೊದೆಗೆ ಎಷ್ಟು ಮಿಡತೆ ಕಂಡವು.