ಬಿಸಿಯಾದ ಮೇಲೆ ನಿಲ್ಲೋ ಕಾರು: ಕಿಡಿಯ ಹಳೇ ಕಥೆ

ಈ ಸಲ ತೆಂಗು, ರಾಗಿ ಯಾವುದೂ ಇಲ್ಲ. ಹಳೇ ಪೆಟ್ರೋಲ್ ಕಾರಿನ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ನಮ್ಮನೇಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗೋದು. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಂತುಬಿಡೋದು. ಅರ್ಧ ಗಂಟೆ ಹುಣಸೆಮರದ ಕೆಳಗೆ ಕೂತರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟು. ಗ್ಯಾರೇಜಿಗೆ ತಗೊಂಡು ಹೋದರೆ ಅಲ್ಲಿ ಚೆನ್ನಾಗೇ ಇರೋದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆ, ಟ್ಯಾಂಕ್ ಇಳಿಸಿ ಕ್ಲೀನ್ ಮಾಡಿಸಿದೆ, ಪೆಟ್ರೋಲ್ ಪಂಪೂ ಬದಲಾಯಿಸಿದೆ. ಕಾಯಿಲೆ ಹೋಗಲಿಲ್ಲ.

ಇದೇ ಕಾಯಿಲೆ ಮೂರು ವರ್ಷದ ಹಿಂದೆ ನಮ್ಮ ಭಾವನ ಕಾರಿಗೂ ಇತ್ತು. ಅವರಪ್ಪ ಕೊಂಡಿದ್ದ ಕಾರು ಅದು. "ಇದಕ್ಕೆ ಸುರಿದಿದ್ದು ಸಾಕು ಭಾವ, ಗುಜರಿಗೆ ಹಾಕಿ" ಅಂತ ಹೇಳಿದವನು ನಾನೇ. ಹಾಕಿದರು. ಆಮೇಲೆ ನನಗೆ ತಿಳಿದಿದ್ದನ್ನು ಹೇಳಬೇಕು ಅಂದ್ರೆ ಕಾರಿನೊಳಗೆ ಕಿಡಿ ಬಂದ ಇತಿಹಾಸದಿಂದಲೇ ಶುರು ಮಾಡಬೇಕು.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟ್ ತಗೊಂಡ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರ್ಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಅಂಥದೇ ಬಂಡಿ ಓಡಿಸಿಕೊಂಡು ಹೋದಳು. ನೂರು ಕಿಲೋಮೀಟರಿಗೂ ಮೇಲೆ. ದಾರೀಲಿ ಇಂಧನದ ಪೈಪು ಕಟ್ಟಿಕೊಂಡಿತು, ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿಯ ವೈರು ಉಜ್ಜಿ ಶಾರ್ಟ್ ಆಯ್ತು, ಕಾಲುಚೀಲ ಕಟ್ಟೋ ಪಟ್ಟಿ ಸುತ್ತಿ ಸರಿ ಮಾಡಿದಳು. ಅಂದರೆ ಪ್ರಪಂಚದ ಮೊದಲ ದೂರದ ಕಾರು ಪ್ರಯಾಣದಲ್ಲೇ ಎರಡೂ ಕಾಯಿಲೆ ಬಂದುಹೋದವು: ಒಂದು ಪೆಟ್ರೋಲಿಂದು, ಇನ್ನೊಂದು ಕಿಡೀದು. ಇವತ್ತಿಗೂ ಪೆಟ್ರೋಲ್ ಕಾರು ದಾರೀಲಿ ನಿಂತರೆ ಹೆಚ್ಚಿನ ಸಲ ಇವೆರಡರಲ್ಲಿ ಒಂದು. ಇನ್ನೊಂದು ಮಾತು ನೆನಪಿಡಿ. ಆ ಹೆಂಗಸು ಬಂಡಿಯನ್ನು ಮನೆಗೆ ತಳ್ಳಿಸಿಕೊಂಡು ಹೋಗಿ ನೋಡಲಿಲ್ಲ. ನಿಂತ ಜಾಗದಲ್ಲೇ ನೋಡಿದಳು.

ಬೆಂಜ್ ಬಂಡಿಯಲ್ಲಿ ಬ್ಯಾಟರಿ, ಕಾಯಿಲ್ ಇದ್ದವು. ಕರೆಗಂಟೆಯ ಹಾಗೆ ಟರ್ರ್ ಅಂತ ಬಡಿದುಕೊಂಡು ಕಿಡಿ ಕೊಡೋ ಕಾಯಿಲ್. ಅದೇ ಕಾಲದ ಡೈಮ್ಲರ್ ಎಂಜಿನ್ನಲ್ಲಿ ಕಿಡಿಯೇ ಇರಲಿಲ್ಲ, ಹೊರಗಡೆ ಬೆಂಕಿ ಹಚ್ಚಿ ಕೆಂಪಗೆ ಕಾಯಿಸಿದ ಕೊಳವೆಯಿಂದ ಒಳಗಿನ ಗ್ಯಾಸು ಹೊತ್ತಬೇಕಿತ್ತು. ಬ್ಯಾಟರಿ ಇದ್ದವರಿಗೆ ಬ್ಯಾಟರಿ ಖಾಲಿಯಾಗೋ ಚಿಂತೆ. ಅದಕ್ಕೆ ಉತ್ತರವಾಗಿ ಬಂದದ್ದು ಮ್ಯಾಗ್ನೆಟೋ. ರಾಬರ್ಟ್ ಬಾಷ್ 1897ರಲ್ಲಿ ಒಂದು ಮೋಟಾರು ಟ್ರೈಸಿಕಲ್ಲಿಗೆ ಅದನ್ನು ಕೂರಿಸಿದ. 1902ರ ಹೊತ್ತಿಗೆ ಅವನ ಕಾರ್ಖಾನೆಯ ಹೊನಾಲ್ಡ್ ಅನ್ನೋ ಎಂಜಿನಿಯರು ಹೆಚ್ಚು ವೋಲ್ಟಿನ ಮ್ಯಾಗ್ನೆಟೋ, ಅದರ ಜೊತೆಗೆ ಸ್ಪಾರ್ಕ್ ಪ್ಲಗ್ ಮಾಡಿಕೊಟ್ಟ. ನಮ್ಮ ಸೀಮೆಎಣ್ಣೆ ಪಂಪ್‌ಸೆಟ್ಟು, ಬೆನ್ನಿಗೆ ಹಾಕೋ ಪವರ್ ಸ್ಪ್ರೇಯರು ಬ್ಯಾಟರಿ ಇಲ್ಲದೆ ಹಗ್ಗ ಎಳೆದರೆ ಸ್ಟಾರ್ಟ್ ಆಗೋದು ಆ ವಂಶದ್ದೇ.

ಕಾರು ಮಾತ್ರ ಮತ್ತೆ ಬ್ಯಾಟರಿ ಕಡೆ ತಿರುಗಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ ಏರ್ಪಾಡು 1910ರ ಮಾಡೆಲ್ ಕ್ಯಾಡಿಲಾಕ್ ಕಾರಿಗೆ ಬಂತು. ಟರ್ರ್ ಅನ್ನೋ ಬಡಿತ ಇಲ್ಲ, ಪಾಯಿಂಟ್ ಒಂದು ಸಲ ತೆರೆದರೆ ಒಂದು ಕಿಡಿ. 1912ರ ಮಾಡೆಲ್‌ಗೆ ಅವನದೇ ಸೆಲ್ಫ್ ಸ್ಟಾರ್ಟರೂ ಬಂತು. ನಮ್ಮ ಪದ್ಮಿನಿಯಲ್ಲಿ ಇರೋದೂ ಕೆಟರಿಂಗ್ ಏರ್ಪಾಡೇ. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ಮಾಡೋಕೆ ಹತ್ತಿದ ಮೇಲೆ ಈ ಕಥೆ ನಮ್ಮ ರಾಜ್ಯಕ್ಕೂ ಬಂತು. ಹಳಬರಿಗೆ ಮೈಕೋ ಪ್ಲಗ್ ಅಂದ್ರೇನೇ ಗೊತ್ತಾಗೋದು. ಅದು ಬಾಷ್‌ನವರದ್ದೇ. 2008ರಲ್ಲಿ ಕಂಪನಿ ಹೆಸರೂ ಬಾಷ್ ಆಯ್ತು.

ಈ ಏರ್ಪಾಡು ಕೆಲಸ ಮಾಡೋದು ಹೀಗೆ. ಓಡ್ತಿರೋ ನೀರಿಗೆ ಗೇಟ್‌ವಾಲ್ವ್ ಫಟ್ ಅಂತ ಮುಚ್ಚಿದರೆ ಪೈಪು ಢಣ್ ಅಂತ ಒದೆಯುತ್ತಲ್ಲ, ಹಾಗೆ ಕಾಯಿಲಿನಲ್ಲಿ ಹರೀತಿರೋ 12 ವೋಲ್ಟಿನ ಕರೆಂಟನ್ನು ಪಾಯಿಂಟ್ ಥಟ್ ಅಂತ ಕಡಿಯುತ್ತೆ. ಆ ಒದೆತಕ್ಕೆ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ನಾಲ್ಕು ಸಿಲಿಂಡರ್ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಕಡಿಯೋದು ಥಟ್ ಅಂತ ಆಗಬೇಕಾದರೆ ಪಾಯಿಂಟಿನ ಪಕ್ಕ ಬೆರಳುದ್ದಕ್ಕೂ ಚಿಕ್ಕದಾದ ಒಂದು ಡಬ್ಬಿ ಬೇಕು, ಅದೇ ಕಂಡೆನ್ಸರ್. ಅದು ಕೆಟ್ಟರೆ ಕಿಡಿ ಪಾಯಿಂಟಿನಲ್ಲೇ ಹಾರಿ ಪಾಯಿಂಟು ಕಪ್ಪಾಗುತ್ತೆ, ಪ್ಲಗ್ಗಿಗೆ ಶಕ್ತಿ ಸಾಲಲ್ಲ. ಕಂಡೆನ್ಸರ್ ಆಗಲಿ ಕಾಯಿಲ್ ಆಗಲಿ, ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗೋದುಂಟು. ಮೋಸ ಇರೋದೇ ಇಲ್ಲಿ. ಬಿಸಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾದರೂ ಕಾರು ಹೀಗೇ ನಿಲ್ಲುತ್ತೆ, ಹೀಗೇ ಮತ್ತೆ ಹೊರಡುತ್ತೆ. ತಣ್ಣಗಾದ ಮೇಲೆ ನೋಡಿದರೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

ಬೆರ್ತಾ ಕಥೆ ಓದಿದ ಮೇಲೆ ಮುಂದಿನ ಸಲ ಕಾರು ನಿಂತಾಗ ಕಾಯಲಿಲ್ಲ. ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರು ಕಿತ್ತು, ಒಣಗಿದ ಮರದ ಚಿಮಟದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಅರ್ಧ ಸೆಂಟಿಮೀಟರ್ ದೂರ ಇಟ್ಟು ಮಗನಿಗೆ ಸೆಲ್ಫ್ ಹೊಡಿ ಅಂದೆ. ತೆಳ್ಳಗೆ ಹಳದಿ ಕಿಡಿ, ಅದೂ ಒಂದು ಸಲ ಬಂದರೆ ಒಂದು ಸಲ ಇಲ್ಲ. ಅರ್ಧ ಗಂಟೆ ಬಿಟ್ಟು ಅದೇ ಪರೀಕ್ಷೆ ಮಾಡಿದೆ. ನೀಲಿ ಕಿಡಿ, ಚಟ್ ಚಟ್ ಅಂತ ಸದ್ದು. ಪೆಟ್ರೋಲಿಂದು ತಪ್ಪಿಲ್ಲ ಅಂತ ಅಲ್ಲೇ ತೀರ್ಮಾನ ಆಯ್ತು. ಕ್ಯಾಪ್ ತೆಗೆದು ನೋಡಿದರೆ ಪಾಯಿಂಟು ಸುಟ್ಟು ಕಪ್ಪಾಗಿತ್ತು. ಮಾರನೇ ದಿನ ಹೊಸ ಕಂಡೆನ್ಸರ್, ಹೊಸ ಪಾಯಿಂಟ್ ಹಾಕಿಸಿದೆ. ಕಂಡೆನ್ಸರಿಗೆ ಕೊಟ್ಟಿದ್ದು ನಾಲ್ಕೈದು ತೆಂಗಿನಕಾಯಿಯ ಬೆಲೆ. ಅದಕ್ಕೂ ಬಗ್ಗದಿದ್ದರೆ ಕಾಯಿಲ್ ನೋಡಬೇಕಿತ್ತು. ಆಮೇಲೆ ಒಂದು ಸಲವೂ ನಿಂತಿಲ್ಲ.

ಎರಡು ಎಚ್ಚರಿಕೆ. ವೈರನ್ನು ಬರಿಗೈಲಿ ಹಿಡೀಬೇಡಿ, ಪೆಟ್ರೋಲ್ ಸೋರ್ತಿದ್ದರೆ ಕಿಡಿ ಹಾರಿಸಲೇಬೇಡಿ. ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಾರುಗಳಲ್ಲಿ ಈ ಪರೀಕ್ಷೆ ಬೇಡ, ಒಳಗಿನ ಮಾಡ್ಯೂಲು ಸುಡಬಹುದು. ಎಂಜಿನ್ ಆಫ್ ಇದ್ದಾಗ ಕೀ ಆನ್ ಬಿಟ್ಟು ಕೂರೋ ಅಭ್ಯಾಸವೂ ಬಿಡಿ, ಹಳೇ ಕಾರಿನ ಕಾಯಿಲ್ ಹಾಳಾಗೋದು ಅದರಿಂದಲೂ ಹೌದು.

ಇದನ್ನೆಲ್ಲ ಭಾವನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ನಮ್ಮಪ್ಪ ಇದ್ದಿದ್ರೆ ರಸ್ತೇಲೇ ಬಾನೆಟ್ ಎತ್ತಿ ನಿಂತಿರೋರು ಕಣೋ" ಅಂದರು. ಅಷ್ಟೇ. ಅವರ ಕಾರಿನದ್ದೂ ಕಂಡೆನ್ಸರೇ ಅಂತ ಈಗ ಹೇಳೋಕೆ ದಾರಿಯಿಲ್ಲ, ಕಾರೇ ಇಲ್ಲ. ನೋಡದೆ ಮಾತಾಡಿದ್ದು ನನ್ನ ತಪ್ಪು.

ನಿಮ್ಮನೇಲಿ ಇಂಥ ಗಾಡಿ ಇದ್ದು ಯಾರಾದರೂ ಗುಜರಿಗೆ ಹಾಕಿ ಅಂದರೆ, ಅದು ನಿಂತ ಜಾಗದಲ್ಲಿ ಒಂದು ಸಲ ಕಿಡಿ ನೋಡಿ. ಒಂದು ಕಂಡೆನ್ಸರ್ ನನ್ನ ಡ್ಯಾಶ್‌ಬೋರ್ಡಿನಲ್ಲಿ ಯಾವಾಗಲೂ ಇರುತ್ತೆ. ಹತ್ತಿರದಲ್ಲಿ ನಿಂತರೆ ಫೋನ್ ಮಾಡಿ, ಬರ್ತೀನಿ.